ಹುರುಳಿ ಹಾಸಿದ ರಸ್ತೆಯ ಹಿಡಿತ

ಹುರುಳಿ ಕುದಿಯುವ ವಾಸನೆ ಬಂದರೆ ಬೇರೆಯವರಿಗೆ ಕಟ್ಟಿನ ಸಾರು ನೆನಪಾಗುತ್ತದೆ, ನನಗೆ ಬ್ರೇಕು ನೆನಪಾಗುತ್ತದೆ. ಮೊನ್ನೆ ಭಾನುವಾರ ಕೆಲಗೇರಿಯ ನಮ್ಮ ಮನೆಯಲ್ಲಿ ಹೀಗೇ ಆಯಿತು. ಅಡಿಗೆಮನೆಯಿಂದ ಆ ಮಣ್ಣುಮಣ್ಣು ವಾಸನೆ ಪಡಸಾಲೆಗೆ ಬಂತು, ಪೇಪರು ಹಿಡಿದು ಕೂತಿದ್ದ ನಾನು ಬಲಗಾಲನ್ನು ಗಟ್ಟಿಯಾಗಿ ನೆಲಕ್ಕೆ ಒತ್ತಿದೆ. ನಮ್ಮ ಯಜಮಾನರು ನೋಡಿ, "ಗಾಡಿ ನಿಂತದ, ಇಳಿದು ಊಟಕ್ಕ ಬಾ" ಎಂದರು. ಅವರಿಗೆ ಆ ಕಥೆ ಗೊತ್ತು. ಬಹಳ ಸಲ ಕೇಳಿ ಅವರಿಗೆ ಬೇಸರವೂ ಬಂದಿದೆ.

ಕೆಲವು ವರ್ಷಗಳ ಹಿಂದಿನ ಸುಗ್ಗಿ ಅದು. ನಾನು ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ವಾಹನಗಳ ಪಾಠ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ದಿನಾ ಧಾರವಾಡದಿಂದ ಓಡಾಡುವ ನನ್ನ ಹಳೆಯ ಕಾರಿಗೆ ಆ ವರ್ಷ ಸೆನ್ಸರುಗಳನ್ನು ಕೂರಿಸಿಕೊಂಡಿದ್ದೆ. ಟೈರಿಗೂ ರಸ್ತೆಗೂ ಹಿಡಿತ ಎಷ್ಟಿದೆ ಎಂದು ಗಾಡಿ ಜಾರುವ ಮೊದಲೇ ಅಂದಾಜು ಮಾಡುವುದು ನನ್ನ ಸಂಶೋಧನೆ. ಜಾರಿದ ಮೇಲೆ ಹೇಳುವುದಕ್ಕೆ ಇಂಜಿನಿಯರ್ ಬೇಕಾಗಿಲ್ಲ, ಮೂಳೆ ಡಾಕ್ಟರು ಸಾಕು.

ಕೆಲಸ ಕೇಳಲು ದೊಡ್ಡದು, ಮೂಲದಲ್ಲಿ ಸರಳ. ಚಕ್ರ ರಸ್ತೆಯನ್ನು ಎಂದೂ ಪೂರ್ತಿ ಹಿಡಿದುಕೊಂಡು ಉರುಳುವುದಿಲ್ಲ. ಬ್ರೇಕನ್ನು ಮೆಲ್ಲಗೆ ಒತ್ತಿದರೂ ಕಾರು ನೂರು ಹೆಜ್ಜೆ ಮುಂದೆ ಹೋದಾಗ ಚಕ್ರ ತೊಂಬತ್ತೊಂಬತ್ತರಷ್ಟೇ ಉರುಳಿರುತ್ತದೆ, ಉಳಿದ ಒಂದನ್ನು ಕದ್ದು ಜಾರಿರುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಸೆನ್ಸರಿಗೆ ಕಾಣುತ್ತದೆ. ಆ ಸಣ್ಣ ಜಾರಿಕೆ ಬೇಗ ಬೇಗ ಬೆಳೆಯಿತೆಂದರೆ ಕೆಳಗಿನ ರಸ್ತೆ ನಂಬುವಂಥದ್ದಲ್ಲ. ಪೂರ್ತಿ ಹಿಡಿತ ಒಂದು ಎಂದುಕೊಂಡರೆ ಒಣಗಿದ ಒಳ್ಳೆಯ ಟಾರಿಗೆ ಅದು ಮುಕ್ಕಾಲರ ಹತ್ತಿರ ಬರುತ್ತದೆ, ಮಳೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಎರೆಮಣ್ಣಿನ ರಾಡಿ ಬಿದ್ದ ಕಡೆ ಇನ್ನೂ ಕೆಳಗೆ.

ಇದನ್ನು ಅಳೆಯಲು ಖಾಲಿ ರಸ್ತೆಯಲ್ಲಿ ಸುಮ್ಮಸುಮ್ಮನೆ ಬ್ರೇಕ್ ಹಾಕುತ್ತ ಹೋಗಬೇಕು. ರಾಯಾಪುರದ ಹತ್ತಿರ ಒಬ್ಬ ಆಟೋದವನು ನನ್ನ ಪಕ್ಕಕ್ಕೆ ಬಂದು, "ಅಕ್ಕಾರ, ಲೈಸೆನ್ಸ್ ಎಲ್ಲಿ ತಗೊಂಡ್ರಿ? ನಮ್ಮ ಮನ್ಯಾಕಿಗೂ ಕೊಡಸಬೇಕಾಗಿತ್ತು" ಎಂದು ಕೇಳಿ ಹೋದ. ಅಂಥ ಮಾತುಗಳು ಆ ವರ್ಷ ಬೇಕಾದಷ್ಟು ಸಿಕ್ಕವು.

ಡಿಸೆಂಬರಿನ ಒಂದು ಮುಂಜಾನೆ ಅನಂತ ಕಾಕಾ ಮಫ್ಲರ್ ಸುತ್ತಿಕೊಂಡು ಮನೆಗೆ ಬಂದರು. ನನ್ನ ಅಪ್ಪನ ತಮ್ಮ, ಧಾರವಾಡದಲ್ಲಿ ವಕೀಲರು. ನನಗೆ ಐವತ್ತು ಹತ್ತಿರ ಬಂದಿದ್ದರೂ ಅವರ ಪಾಲಿಗೆ ನಾನಿನ್ನೂ ಹುಡುಗಿ.

"ಏನs ಹುಡಿಗಿ, ನೀ ರೋಡ್ ಮ್ಯಾಲೆ ಬ್ರೇಕ್ ಹಾಕ್ಕೋತ ಅಡ್ಡಾಡ್ಲಿಕ್ಕೆ ಹತ್ತೀಯಂತ, ಖರೇನು?"

"ಖರೇ ಕಾಕಾ. ಅದಕ್ಕ ಪಗಾರ ಕೊಡ್ತಾರ."

"ಹಂಗಾರ ನನಗೊಂದು ಬ್ರೇಕ್ ಹಾಕಿ ಕೊಡು" ಎಂದು ಅವರು ಚಹಾ ಮುಗಿಸುವುದರೊಳಗೆ ಕೇಸು ಹೇಳಿದರು. ಹೆಬ್ಬಳ್ಳಿಯಿಂದ ಧಾರವಾಡಕ್ಕೆ ಹಾಲು ತರುವ ಒಂದು ಸಣ್ಣ ಗಾಡಿ. ಡ್ರೈವರ್ ಹೆಸರು ಫಕ್ಕೀರಪ್ಪ. ಹಿಂದಿನ ವಾರ ಸಂಜೆ ಊರ ಹೊರಗಿನ ರಸ್ತೆಯಲ್ಲಿ ಅವನ ಗಾಡಿ ನೀಲವ್ವ ಎಂಬ ರೈತಹೆಂಗಸಿಗೆ ಬಡಿದು ಅವಳ ಕಾಲು ಮುರಿದಿತ್ತು. ಅವಳ ಮೈದುನ ಗಾಡಿ ವಿಪರೀತ ಜೋರು ಬಂತೆಂದು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ. ಬ್ರೇಕ್ ಒತ್ತಿದ್ದು ಇಲ್ಲಿ ಎಂದು ಫಕ್ಕೀರಪ್ಪ ತೋರಿಸಿದ ಜಾಗದಿಂದ ಗಾಡಿ ನಿಂತ ಜಾಗದವರೆಗೆ ಪೊಲೀಸರು ಅಳೆದಿದ್ದರು, ಹನ್ನೆರಡು ಮೀಟರ್. ಕಾಕಾನನ್ನು ನೇಮಿಸಿದವನು ಗಾಡಿಯ ಮಾಲಕ.

"ಹನ್ನೆರಡು ಮೀಟರ್ ಜಾರಿದ್ರ ಸ್ಪೀಡ್ ಎಷ್ಟಿರ್ತದ? ಅಷ್ಟ ಹೇಳು. ಅತೀವೇಗ ಅಂತ ಸಿದ್ಧ ಆದ್ರ ಅವನ ಲೈಸೆನ್ಸ್ ಹೋತು, ಜೇಲಾದ್ರೂ ಆಗಬಹುದು. ಅವಗ ಸ್ಟೇರಿಂಗ್ ಬಿಟ್ರ ಬ್ಯಾರೆ ಕಸಬ ಬರೂದಿಲ್ಲ."

"ಅಂವಾ ಏನಂತಾನ?"

"ಅದs ತ್ರಾಸು. ಜಾರಿತ್ರಿ ಅಂತಾನ, ಬಾಯಿ ಮುಚ್ಚತಾನ. ನಾ ವಕೀಲಕಿ ಮಾಡ್ಲಿಕ್ಕೆ ಹತ್ತಿ ಇಷ್ಟು ವರ್ಷ ಆತು, ಬಾಯಿ ಬಿಡಸಬೇಕಾದ ಕಕ್ಷಿದಾರ ಇವನs ಮೊದಲು ನೋಡು."

ಆ ಶನಿವಾರ ಕಾರಿನಲ್ಲಿ ಹೆಬ್ಬಳ್ಳಿಗೆ ಹೋದೆ. ಜಾಗ ತೋರಿಸಲು ಫಕ್ಕೀರಪ್ಪ ಪಕ್ಕದಲ್ಲಿ ಕೂತಿದ್ದ. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು, ದೊಡ್ಡ ಮೀಸೆ. ಲೈಸೆನ್ಸು ಠಾಣೆಯಲ್ಲಿತ್ತು, ಕೈಗಳಿಗೆ ಮಾತ್ರ ಅದು ಇನ್ನೂ ತಿಳಿದಿರಲಿಲ್ಲ, ತೊಡೆಯ ಮೇಲೆ ಇಲ್ಲದ ಗೇರು ಬದಲಿಸುತ್ತಿದ್ದವು. ಎಡಬಲಕ್ಕೆ ಕಪ್ಪು ಹೊಲಗಳು, ಕಡಲೆ ಹೂ ಬಿಟ್ಟಿತ್ತು, ಬಿಳಿಜೋಳ ಎದೆಮಟ್ಟ ನಿಂತಿತ್ತು. ಚಳಿಗಾಳಿ ಕಿಟಕಿಯಿಂದ ಕುಯ್ಯುತ್ತಿತ್ತು.

"ಮೇಡಮ್ಮಾರ, ತಪ್ಪ ತಿಳೀಬ್ಯಾಡ್ರಿ, ಎರಡನೇ ಗೇರ್‌ನ್ಯಾಗ ಎಲ್ಲೀ ಮಟಾ ಹೊಕ್ಕೀರಿ?"

"ನಿಮ್ಮಂಗ ಜೋರ ಹೊಡದು ಯಾರದರೆ ಕಾಲ ಮುರೀಲೇನು?"

ಹೇಳಬಾರದಿತ್ತು, ಹೇಳಿಬಿಟ್ಟೆ. ಅವನು ಜಗಳಾಡುತ್ತಾನೆ ಎಂದುಕೊಂಡಿದ್ದೆ. ಅವನು ಕಿಟಕಿಯ ಹೊರಗೆ ನೋಡುತ್ತ, "ಅದೂ ಖರೇ ಐತಿ ಬಿಡ್ರಿ" ಎಂದ.

ಜಾಗ ನೆಟ್ಟಗಿನ ರಸ್ತೆ. ಟಾರು ಹೊಸದು, ಗಾರೆ ನೆಲದಂತೆ ಗುಡಿಸಿ ಇಟ್ಟಷ್ಟು ಸ್ವಚ್ಛ. ಅಲ್ಲಿ ಹಿಂದೆ ಮುಂದೆ ಓಡಾಡಿ ಬ್ರೇಕ್ ಹಾಕಿ ಅಳೆದೆ. ಪ್ರತಿ ಸಲ ಹಿಡಿತ ಮುಕ್ಕಾಲರ ಹತ್ತಿರವೇ ಬಂತು. ಅಂಥ ರಸ್ತೆಯ ಮೇಲೆ ಹನ್ನೆರಡು ಮೀಟರ್ ಜಾರಬೇಕಾದರೆ ಗಾಡಿ ಗಂಟೆಗೆ ಐವತ್ತರ ಸನಿಹ ಓಡುತ್ತಿರಬೇಕು. ಹೆಂಗಸರು ನಿಂತು ಕೆಲಸ ಮಾಡುವ ರಸ್ತೆಗೆ ಅದು ಜೋರೇ. ಕಾರು ನಿಲ್ಲಿಸಿ ಅವನಿಗೆ ಅದನ್ನೇ ಹೇಳಿದೆ.

"ಬರೀರಿ ಹಂಗಾರ" ಎಂದ.

"ನೀವು ಐವತ್ತರಾಗ ಇದ್ರೇನು?"

"ನಿಮ್ಮ ಮಷೀನ್ ಹೇಳ್ತಲ್ರಿ."

ಇಷ್ಟು ಸುಲಭಕ್ಕೆ ಒಪ್ಪಿಕೊಳ್ಳುವ ಡ್ರೈವರನ್ನು ನಾನು ಕಂಡಿಲ್ಲ. ನಮ್ಮ ಕಡೆ ಗಾಡಿ ಕಂಬಕ್ಕೆ ಗುದ್ದಿದರೂ ಕಂಬವೇ ಅಡ್ಡ ಬಂತೆಂದು ಹೇಳುತ್ತಾರೆ. ನನಗೆ ಸಿಟ್ಟು ಬಂತು. ನನ್ನ ಲೆಕ್ಕ ತಪ್ಪೆಂದು ಯಾರಾದರೂ ವಾದಿಸಿದರೆ ನನಗೆ ಖುಷಿ, ಹೀಗೆ ಕೊರಳು ಒಡ್ಡಿದರೆ ಸಂಶಯ.

ಸೋಮವಾರ ಕಾಲೇಜಿಗೆ ರಜೆ ಹಾಕಿ ಠಾಣೆಯ ಅಂಗಳಕ್ಕೆ ಹೋದೆ. ಹಾಲಿನ ಗಾಡಿ ಬೇವಿನ ಮರದ ಕೆಳಗೆ ನಿಂತಿತ್ತು. ಟೈರು ಎಷ್ಟು ಸವೆದಿದೆ ನೋಡೋಣ ಎಂದು ಬಗ್ಗಿದೆ. ಟೈರು ಚೆನ್ನಾಗಿಯೇ ಇತ್ತು, ಆದರೆ ಗಾಡಿಗಳ ಸಾಲಿನಲ್ಲಿ ಅದರ ಟೈರಿನ ಸಂದುಗಳು ಮಾತ್ರ ತುಂಬಿ ಹೋಗಿದ್ದವು. ಕೀಲಿಯ ತುದಿಯಿಂದ ಕೆದರಿದೆ. ಅರೆದ ಕಡ್ಡಿ, ಸೊಟ್ಟನೆಯ ಸಿಪ್ಪೆ, ಕೆಂಪು ಬೇಳೆ. ಮೂಗಿನ ಹತ್ತಿರ ಹಿಡಿದೆ. ಅಜ್ಜಿಯ ಒಲೆಯ ಮೇಲಿನ ವಾಸನೆ. ಹುರುಳಿ! ನಾಲ್ಕೂ ಚಕ್ರದಲ್ಲಿ.

ನಮ್ಮ ಭಾಗದಲ್ಲಿ ಗೊತ್ತಿಲ್ಲದ ಸಂಗತಿ ಏನಲ್ಲ ಇದು. ಕಣ ಮಾಡಿ, ಎತ್ತು ಕಟ್ಟಿ ತುಳಿಸುವ ಕಾಲ ಹೋಯಿತು. ಈಗ ಹುರುಳಿ ಕಿತ್ತು ಟಾರು ರಸ್ತೆಯ ಮೇಲೆ ಹಾಸುತ್ತಾರೆ, ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಮೋಟರ್‌ಸೈಕಲ್‌ನವರು ಜಾರಿ ಬೀಳುತ್ತಾರೆಂದು ಅದಕ್ಕೆ ಮನಾಯಿ ಇದೆ, ಹಾಸಕೂಡದೆಂದು ಊರೂರಿಗೆ ಹೇಳಿಸಿದ್ದಾರೆ. ಹಾಸುವವರು ಹಾಸುತ್ತಲೇ ಇದ್ದಾರೆ. ಹುರುಳಿಯ ನುಣ್ಣನೆಯ ಕಾಳು, ಅದರ ಮೇಲೆ ಒಣಗಿದ ಕಡ್ಡಿ. ಅದರ ಮೇಲೆ ಚಕ್ರ ರಸ್ತೆಯನ್ನು ಮುಟ್ಟುವುದೇ ಇಲ್ಲ. ನಾನು ಮಾತ್ರ ಗುಡಿಸಿದ ರಸ್ತೆಯನ್ನು ಅಳೆದು, ಅಂಕಿ ಸಿಕ್ಕಿತೆಂದು ಬೀಗುತ್ತ ಬಂದಿದ್ದೆ.

ಫಕ್ಕೀರಪ್ಪನನ್ನು ಕಾಕಾನ ಆಫೀಸಿಗೆ ಕರೆಸಿ ಆ ಕಡ್ಡಿಗಳನ್ನು ಕಾಗದದ ಮೇಲೆ ಇಟ್ಟೆ. ಅವನು ನೋಡಿದ.

"ಮೇಡಮ್ಮಾರ, ಇದನ್ನ ಒಗದ ಬಿಡ್ರಿ."

"ಯಾಕ?"

"ಒಗದ ಬಿಡ್ರಿ ಅನ್ನಾಕತ್ತೇನಲ್ರಿ!"

ಕಾಕಾ ಕನ್ನಡಕ ತೆಗೆದಿಟ್ಟರು. "ಫಕ್ಕೀರಪ್ಪಾ, ಈಗ ಹೇಳಲಿಲ್ಲಂದ್ರ ನಾ ಈ ಕೇಸ್ ಬಿಟ್ಟೆ" ಎಂದರು. ಆಗ ಹೇಳಿದ. ನೀಲವ್ವ ಅವನ ಗಾಡಿಗೆ ದಿನಾ ಹಾಲು ಹಾಕುವವಳು. ಅವತ್ತು ಸಂಜೆ ಹುರುಳಿ ಹಾಸಿಕೊಂಡು ರಸ್ತೆಯಲ್ಲಿ ನಿಂತಿದ್ದಳು, ಗಾಡಿಗಳೇ ಬರುತ್ತಿರಲಿಲ್ಲ. ಇವನನ್ನು ಕಂಡು ಕೈ ಮಾಡಿದಳು. "ಫಕ್ಕೀರಪ್ಪಾ, ಕತ್ತಲಾಗೂದ್ರಾಗ ನಾಕ ಸಲ ಹಾಯಿಸಿ ಕೊಡೋ ತಮ್ಮಾ" ಎಂದಳು. ಇವನು ಹಾಯಿಸಿದ. ಹಿಂದೆ ಹೋಗಿ ಮತ್ತೆ ಬಂದ. ಕೊನೆಯ ಸುತ್ತು ಮುಗಿಯಿತೆಂದು ತಿಳಿದು ಅವಳು ಹಾಸಿದ ಹುರುಳಿ ತಿರುವಲು ರಸ್ತೆಗೆ ಇಳಿದಳು. ಇವನದು ಇನ್ನೊಂದು ಸುತ್ತಿತ್ತು. ಬ್ರೇಕ್ ಒತ್ತಿದ. ಗಾಡಿ ನಿಲ್ಲಲಿಲ್ಲ.

"ಸೈಕಲ್‌ಗಿಂತ ಒಂದೀಟ ಜೋರ ಇದ್ದೆ ಅಷ್ಟರಿ. ಒತ್ತೇ ಒತ್ತೇನಿ, ಗಾಡಿ ಹೊಕ್ಕೈತಿ, ಹೊಕ್ಕೈತಿ. ಅಕ್ಕ ನನ್ನ ಮಾರಿ ನೋಡಾಕತ್ಯಾಳ" ಎಂದು ಹೇಳಿ ನಿಲ್ಲಿಸಿದ. ಕಾಕಾ ನೀರಿನ ಲೋಟ ಮುಂದಕ್ಕೆ ಸರಿಸಿದರು.

ಅವಳನ್ನು ಇವನೇ ಎತ್ತಿಕೊಂಡು ಇನ್ನೊಂದು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದಿದ್ದ. ಆ ಹೊತ್ತಿನಲ್ಲಿ ಅವಳ ಮೈದುನ ಹೆದರಿ, ಹುರುಳಿಯನ್ನೆಲ್ಲ ಬಳಿದು ಮನೆಗೆ ಸಾಗಿಸಿ, ರಸ್ತೆ ಗುಡಿಸಿ, ಪೊಲೀಸರು ಬಂದಾಗ ಗಾಡಿ ಜೋರು ಬಂತೆಂದು ಹೇಳಿಬಿಟ್ಟಿದ್ದ. ಫಕ್ಕೀರಪ್ಪ ವಾಪಸು ಬಂದು ನೋಡಿದರೆ ರಸ್ತೆ ಬೋಳು.

"ಅದನ್ನ ಆವತ್ತs ಯಾಕ ಹೇಳಲಿಲ್ಲೋ ಮಾರಾಯಾ?" ಕಾಕಾ ಮೇಜು ಬಡಿದರು.

"ಹೆಂಗ ಹೇಳ್ಲಿರಿ? ಹುಳ್ಳಿ ಹಾಸಿದ್ದು ಅಕ್ಕ. ಹೇಳಿದ್ರ ಕೇಸ್ ಆಕಿ ಮ್ಯಾಲೆ ಬರತೈತಿ. ಕಾಲೂ ಮುರಕೊಂಡು, ಕೋರ್ಟೂ ಅಡ್ಡಾಡಬೇಕೇನ್ರಿ ಆಕಿ? ಮುರದಾಂವ ನಾನು."

ಕಾರಿನಲ್ಲಿ ಅವನಿಗೆ ಅಂದ ಮಾತು ನೆನಪಾಗಿ ಮುಖ ಬಿಸಿಯಾಯಿತು.

ಇನ್ನು ಹುರುಳಿಯ ಮೇಲೆ ಹಿಡಿತ ಎಷ್ಟು ಎಂದು ಅಳೆಯಬೇಕಾಗಿತ್ತು. ಯಾವುದೋ ಹುರುಳಿ ನಡೆಯುವುದಿಲ್ಲ, ಅದೇ ಹೊಲದ್ದು, ಅದೇ ಹದಕ್ಕೆ ಒಣಗಿದ್ದು ಬೇಕು. ಸಂಕ್ರಾಂತಿ ಹತ್ತಿರ ಬಂದಾಗ ನೀಲವ್ವ ಆಸ್ಪತ್ರೆಯಿಂದ ಮನೆಗೆ ಬಂದಳೆಂದು ತಿಳಿಯಿತು. ಕಾಕಾನೂ ನಾನೂ ಹೋದೆವು. ಫಕ್ಕೀರಪ್ಪ ಬರುವುದಿಲ್ಲವೆಂದು ಹಟ ಹಿಡಿದು, ಕೊನೆಗೆ ಹಿಂದಿನ ಸೀಟಿನಲ್ಲಿ ಮುದುಡಿ ಬಂದ.

ನೀಲವ್ವ ಪಡಸಾಲೆಯಲ್ಲಿ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ಪ್ಲಾಸ್ಟರ್ ತೊಡೆಯವರೆಗೆ. ಎತ್ತರದ ಹೆಂಗಸು, ಕುಂಕುಮ ದೊಡ್ಡದು, ದನಿ ಇನ್ನೂ ದೊಡ್ಡದು. ಫಕ್ಕೀರಪ್ಪನನ್ನು ಬಾಗಿಲಲ್ಲಿ ಕಂಡ ಕೂಡಲೇ, "ಏ ಖೋಡಿ, ಇಷ್ಟ ದಿನಾ ಎಲ್ಲಿ ಹೋಗಿದ್ಯೋ? ಒಂದ ಸಲನರೆ ಬಂದು ಮಾರಿ ತೋರಿಸಿದಿ?" ಎಂದು ಕೂಗಿದಳು. ಅವನು ಜಂತಿ ಎಣಿಸುತ್ತ ನಿಂತ.

ನಾನು ಬಂದ ಕೆಲಸ ಹೇಳಿದೆ. ಅವನ ಲೈಸೆನ್ಸು, ಕೇಸು, ಜೋರು ಬಂದನೆಂಬ ಹೇಳಿಕೆ, ಎಲ್ಲ. ಅವಳಿಗೆ ಅದೊಂದೂ ಗೊತ್ತಿರಲಿಲ್ಲ. ಮಾತು ಮುಗಿಯುವ ಮೊದಲೇ ಮೈದುನ ಒಳಗಿನಿಂದ ಬಂದು, "ನಾವೇನ್ ರೋಡ್ ಮ್ಯಾಲೆ ಹುಳ್ಳಿ ಹಾಕಿಲ್ರಿ. ಯಾರು ಹೇಳಿದ್ರು ನಿಮಗ?" ಎಂದ. ದನಿ ಒಣಗಿತ್ತು. ಅವನು ಕೆಟ್ಟವನಲ್ಲ, ಹೆದರಿದವನು.

ನೀಲವ್ವ ಅವನನ್ನು ನೋಡಿದಳು, ಫಕ್ಕೀರಪ್ಪನನ್ನು ನೋಡಿದಳು. ಆಮೇಲೆ ಮೈದುನನಿಗೆ, "ಮನಿಗೆ ಬಂದು ಹುಳ್ಳಿ ಕೇಳಿದವರಿಗೆ ಇಲ್ಲ ಅಂತಾರೇನೋ? ಹಿತ್ತಲದಾಗ ಇನ್ನೂ ಬಡೀಲಾರದ್ದು ಬಣವಿ ಐತೆಲ್ಲ, ಬೇಕಾದಷ್ಟು ಹೇರಿ ಕೊಡು" ಎಂದಳು. ಹುರುಳಿ ಕೊಟ್ಟಳು, ರೊಟ್ಟಿ ಕೊಟ್ಟಳು, ಗುರೆಳ್ಳು ಚಟ್ನಿ ಕೊಟ್ಟಳು. ಅವತ್ತು ರಸ್ತೆಯ ಮೇಲೆ ಹುರುಳಿ ಇತ್ತೋ ಇಲ್ಲವೋ ಎಂಬ ಒಂದು ಮಾತು ಮಾತ್ರ ಕೊಡಲಿಲ್ಲ. ಕಾಕಾ ಎರಡು ಸಲ ಕೇಳಿದರು, ಎರಡೂ ಸಲ ಅವಳು ಚಟ್ನಿ ಹಾಕಿಸಿದಳು.

ರಾಯಾಪುರದ ಹಿಂದೆ, ಗಾಡಿಗಳು ಓಡಾಡದ ಒಂದು ಹಳೆಯ ಟಾರು ತುಂಡಿನ ಮೇಲೆ ಹುರುಳಿ ಹಾಸಿದೆವು. ಸಾಕ್ಷಿಗೆಂದು ಠಾಣೆಯಿಂದ ಒಬ್ಬ ಹವಾಲ್ದಾರರು ಬಂದಿದ್ದರು. ಮೊದಲು ಮೆಲ್ಲಗೆ ಬ್ರೇಕ್ ಒತ್ತುತ್ತ ಅಳೆದೆ. ಪರದೆಯ ಮೇಲೆ ಅಂಕಿ ಮುಕ್ಕಾಲರಿಂದ ಸರ್ರನೆ ಇಳಿದು ಅರ್ಧದ ಅರ್ಧಕ್ಕಿಂತ ಕೆಳಗೆ ನಿಂತಿತು. ಇಷ್ಟು ಸಾಕಿತ್ತು. ಆದರೂ ಒಮ್ಮೆ ಪೂರ್ತಿ ಒತ್ತಿ ನೋಡೋಣ ಎಂದು ಇಪ್ಪತ್ತೈದರ ವೇಗದಲ್ಲಿ ಬಂದು ಪೆಡಲನ್ನು ತಳಕ್ಕೆ ತುಳಿದೆ. ಚಕ್ರ ನಿಂತವು. ಕಾರು ನಿಲ್ಲಲಿಲ್ಲ. ಸದ್ದೂ ಇಲ್ಲ, ಕೀರಲೂ ಇಲ್ಲ, ಸುಮ್ಮನೆ ಹೋಗುತ್ತಲೇ ಇತ್ತು. ಎದುರಿಗೆ ಯಾರೂ ಇರಲಿಲ್ಲ, ಆದರೂ ನಾನು "ಅಯ್ಯಯ್ಯೋ" ಎಂದು ಚೀರಿದೆ. ಎಷ್ಟೋ ವರ್ಷ ಕಲಿಸಿದ ಪಾಠ ಅದು. ಹೆದರಿಕೆ ಹೀಗಿರುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಕಾರು ನಿಂತ ಮೇಲೆ ಟೇಪು ಹಿಡಿದರೆ ಹನ್ನೆರಡರ ಆಚೀಚೆ ಬಂತು.

ಕೇಸು ಯುಗಾದಿಯ ಹೊತ್ತಿಗೆ ನಡೆಯಿತು. ಇಷ್ಟು ಬೇಗ ಬಂದದ್ದೇ ಪುಣ್ಯ ಎಂದು ಕಾಕಾ ಹೇಳಿದರು. ಧಾರವಾಡದಲ್ಲಿ ಬಿಸಿಲು ಏರಿತ್ತು, ಕೋರ್ಟಿನ ಫ್ಯಾನುಗಳು ಸದ್ದು ಮಾತ್ರ ಮಾಡುತ್ತಿದ್ದವು. ನಾನು ಕಟಕಟೆಯಲ್ಲಿ ನಿಂತು ನನ್ನ ವರದಿ ಹೇಳಿದೆ. ಹುರುಳಿ ಇದ್ದರೆ ವೇಗ ಇಪ್ಪತ್ತೈದು, ಇಲ್ಲದಿದ್ದರೆ ಐವತ್ತು. ಫಕ್ಕೀರಪ್ಪ ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದ. ಮೂರು ತಿಂಗಳು ಗಾಡಿ ಮುಟ್ಟದೆ ಕ್ಯಾನು ತೊಳೆಯುವ ಕೆಲಸ ಮಾಡುತ್ತಿದ್ದ, ಸೊರಗಿದ್ದ.

ಸರ್ಕಾರಿ ವಕೀಲರು ಎದ್ದರು. ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು.

"ಮೇಡಂ, ನೀವು ಅಳದದ್ದು ಆಮ್ಯಾಲೆ ಹಾಸಿದ ಹುರುಳಿ. ಘಟನಾ ದಿವಸ ಆ ರಸ್ತೆ ಮ್ಯಾಲೆ ಹುರುಳಿ ಇತ್ತು ಅಂತ ನಿಮ್ಮ ಯಂತ್ರ ಹೇಳ್ತದೇನು?"

"ಹೇಳೂದಿಲ್ಲ."

"ಟೈರಿನ್ಯಾಗ ಸಿಕ್ಕ ಕಡ್ಡಿ ಬ್ಯಾರೆ ಊರಾಗ, ಬ್ಯಾರೆ ದಿನಾ ಸಿಕ್ಕೊಂಡಿರಬಹುದಲ್ಲ?"

"ಇರಬಹುದು."

ಕಾಕಾ ಹಣೆ ಒತ್ತಿಕೊಂಡರು. ನಾನು ಬೇರೆ ಏನು ಹೇಳಲಿ? ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳುವ ಯಂತ್ರ ನನ್ನ ಹತ್ತಿರ ಇರಲಿಲ್ಲ. ಮುಗಿಯಿತು, ಈ ಮನುಷ್ಯ ಹೋದ ಎಂದುಕೊಂಡೆ.

ಹಿಂದಿನ ಬೆಂಚಿನಲ್ಲಿ ಕೋಲಿನ ಸದ್ದಾಯಿತು. ಯಾರೂ ಕರೆಯದೆ ನೀಲವ್ವ ಎದ್ದು ನಿಂತಿದ್ದಳು. ಮೈದುನ ಸೆರಗು ಹಿಡಿದು ಎಳೆಯುತ್ತಿದ್ದ, ಅವಳು ಕೊಡವಿದಳು.

"ಇತ್ರಿ ಸಾಹೇಬ್ರ. ಹುಳ್ಳಿ ಇತ್ತು. ನಂದ ಇತ್ತು, ನಾನ ಹಾಸಿದ್ದೆ."

ಪೇದೆ ಸುಮ್ಮನಿರಲು ಹೇಳಿದ. ನ್ಯಾಯಾಧೀಶರು ಕೈ ಎತ್ತಿ ಅವನನ್ನು ತಡೆದರು. ಅವಳನ್ನು ಮುಂದಕ್ಕೆ ಕರೆಸಿ, ರಸ್ತೆಯ ಮೇಲೆ ಪೈರು ಹಾಸುವುದು ತಪ್ಪು, ಇದನ್ನು ಹೇಳಿದರೆ ನಿಮ್ಮ ಮೇಲೆಯೇ ಕೇಸು ಬರಬಹುದು, ಗೊತ್ತಿದೆಯೇ ಎಂದು ಸಾವಕಾಶವಾಗಿ ಕೇಳಿದರು.

"ಬರ್ಲಿರಿ" ಎಂದಳು. "ಅಂವಾ ತನ್ನ ದಾರಿ ಹಿಡದು ಹೊಂಟಿದ್ದಾ. ನನ್ನ ಕೆಲಸಕ್ಕ ನಾನ ಕೈ ಮಾಡಿ ನಿಲ್ಲಿಸಿದೆ. ಕರದಾಕಿ ನಾನು, ಬಂದಾಂವ ಅಂವಾ. ಕರದಾಕಿನ್ನ ಬಿಟ್ಟು ಬಂದಾಂವನ್ನ ಹಿಡೀತೀರೇನ್ರಿ?"

ಸರ್ಕಾರಿ ವಕೀಲರು ಇನ್ನೇನೂ ಕೇಳದೆ ಕೂತರು. ನನಗೆ ಅವಳ ಕಾಲಿಗೆ ಬೀಳಬೇಕೆನಿಸಿತು, ನಾಚಿಕೆಯಾಗಿ ಬೀಳಲಿಲ್ಲ.

ಫಕ್ಕೀರಪ್ಪನನ್ನು ಬಿಟ್ಟರು, ಲೈಸೆನ್ಸು ವಾಪಸು ಬಂತು. ನೀಲವ್ವನ ಮೇಲೆ ಕೇಸು ಆಯಿತು, ದಂಡ ಹಾಕಿ ಮುಗಿಸಿದರು. ಇವೆಲ್ಲ ಆಮೇಲಿನ ಮಾತು. ಅವತ್ತು ನಾವು ಹೊರಗೆ ಬಂದಾಗ ಅವಳು ಕೋರ್ಟಿನ ಮೆಟ್ಟಿಲ ಮೇಲೆ ಮುರಿದ ಕಾಲು ಚಾಚಿ ಕೂತಿದ್ದಳು. ಕೆಳಗಿನ ಮೆಟ್ಟಿಲಲ್ಲಿ ಫಕ್ಕೀರಪ್ಪ ಅವಳ ಪಾದ ಹಿಡಿದುಕೊಂಡು, ಆ ದೊಡ್ಡ ಮೀಸೆಯ ಆಳು, ಸಣ್ಣ ಹುಡುಗನ ಹಾಗೆ ಬಿಕ್ಕುತ್ತಿದ್ದ.

"ನಿಲ್ಲಲಿಲ್ಲ ಬೇ ಅಕ್ಕಾ, ನಾ ಒತ್ತಿದ್ದೆ ಬೇ, ನಿಲ್ಲಲಿಲ್ಲ" ಎನ್ನುತ್ತಿದ್ದ.

"ನಾ ನೋಡೇನಿ ತಮ್ಮಾ" ಎಂದಳು ನೀಲವ್ವ, ಅವನ ತಲೆಯ ಮೇಲೆ ಕೈ ಇಟ್ಟು. "ಗಾಡಿ ಬರಾಕತ್ತಿತ್ತು, ನೀ ಒತ್ತಾಕತ್ತಿದ್ದಿ. ನಾ ನಿನ್ನ ಮಾರಿನ ನೋಡಾಕತ್ತಿದ್ನೆಲ್ಲೋ."